ಅಪ್ಪನಿಗೆ ಅಂಗಡಿ ಲೆಕ್ಕ ತಪ್ಪುತ್ತಿದೆಯೇ? ‘ವಯಸ್ಸಾಯ್ತು’ ಎಂದು ಬಿಡಬೇಡಿ: ನ್ಯೂರೋಸೈಕಾಲಜಿ ಬಗ್ಗೆ ತಿಳಿದಿರಬೇಕಾದದ್ದು

ಮಂಗಳೂರು: ಮೂವತ್ತು ವರ್ಷ ಗಲ್ಲಾಪೆಟ್ಟಿಗೆ ಎದುರು ಕೂತವರು. ಬಾಯಲ್ಲೇ ಲೆಕ್ಕ ಹಾಕಿ ಚಿಲ್ಲರೆ ಕೊಡುತ್ತಿದ್ದವರು. ಈಗ ಐನೂರರ ನೋಟು ಕೊಟ್ಟರೆ ಎಷ್ಟು ವಾಪಸ್ ಕೊಡಬೇಕು ಎಂದು ಎರಡೆರಡು ಸಲ ಯೋಚಿಸುತ್ತಾರೆ. ಬಂದರಿನ ಹೋಲ್‌ಸೇಲ್ ಅಂಗಡಿಗೆ ಬೆಳಿಗ್ಗೆ ಹೇಳಿದ ಮಾಲನ್ನೇ ಮಧ್ಯಾಹ್ನ ಇನ್ನೊಮ್ಮೆ ಹೇಳುತ್ತಾರೆ. ಉದ್ರಿ ಪುಸ್ತಕದಲ್ಲಿ ಒಬ್ಬರ ಬಾಕಿ ಇನ್ನೊಬ್ಬರ ಹೆಸರಿನಲ್ಲಿ ಇರುತ್ತದೆ. ಇಂಥದ್ದು ಕಂಡಾಗ ಮನೆಯವರು ಹೇಳುವುದು ಒಂದೇ ಮಾತು: ‘ಅರವತ್ತಕ್ಕೆ ಅರಳು ಮರಳು ಅಲ್ವಾ?’

ಈ ಮಾತಿನಿಂದಲೇ ಎಷ್ಟೋ ಮನೆಗಳಲ್ಲಿ ಒಂದೆರಡು ವರ್ಷ ಸುಮ್ಮನೆ ಕಳೆದುಹೋಗುತ್ತದೆ. ಮರೆವಿಗೆ ಕಾರಣ ಹತ್ತಾರು ಉಂಟು. ಕೆಲವು ಮಾತ್ರೆಯಲ್ಲಿ ಸರಿಯಾಗುತ್ತವೆ. ಕೆಲವು ಸರಿಯಾಗದಿದ್ದರೂ ಬೇಗ ಗೊತ್ತಾದರೆ ಮನೆ, ಅಂಗಡಿ, ಹಣ ಎಲ್ಲವನ್ನೂ ವ್ಯವಸ್ಥೆ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಯಾವುದು ಯಾವುದು ಎಂದು ಬೇರೆ ಮಾಡಿ ನೋಡಲು ವೈದ್ಯರಿಗೆ ನೆರವಾಗುವ ವಿಜ್ಞಾನವೇ ನ್ಯೂರೋಸೈಕಾಲಜಿ. ಅದು ಎಂಥ, ಯಾರಿಗೆ ಬೇಕು, ನಮ್ಮ ಜಿಲ್ಲೆಯಲ್ಲಿ ಎಲ್ಲಿಂದ ಶುರು ಮಾಡಬೇಕು ಎಂಬ ವಿವರ ಇಲ್ಲಿದೆ.

ಹೆಸರು ಉದ್ದ, ವಿಷಯ ಸರಳ

ಮೆದುಳಿನ ಸ್ಥಿತಿಗೂ ಮನುಷ್ಯನ ನೆನಪು, ಗಮನ, ಮಾತು, ಲೆಕ್ಕ, ನಡವಳಿಕೆಗೂ ಇರುವ ಸಂಬಂಧವನ್ನು ಅಳೆದು ನೋಡುವುದು ನ್ಯೂರೋಸೈಕಾಲಜಿ. ಕನ್ನಡದಲ್ಲಿ ನರಮನೋವಿಜ್ಞಾನ ಅನ್ನುತ್ತಾರೆ. ಸ್ಕ್ಯಾನ್ ಮೆದುಳು ಹೇಗೆ ಕಾಣುತ್ತದೆ ಎಂದು ತೋರಿಸುತ್ತದೆ. ನ್ಯೂರೋಸೈಕಾಲಜಿ ಪರೀಕ್ಷೆ ಆ ಮೆದುಳು ದಿನನಿತ್ಯದ ಕೆಲಸ ಹೇಗೆ ಮಾಡುತ್ತಿದೆ ಎಂದು ಹೇಳುತ್ತದೆ. ಸ್ಕ್ಯಾನ್ ನಾರ್ಮಲ್ ಬಂದರೂ ಕೆಲಸದಲ್ಲಿ ಏರುಪೇರು ಇರಬಹುದು. ಸ್ಕ್ಯಾನಿನಲ್ಲಿ ಬದಲಾವಣೆ ಕಂಡರೂ ಮನುಷ್ಯ ಚೆನ್ನಾಗಿಯೇ ಇರಬಹುದು. ಆದ್ದರಿಂದ ಎರಡೂ ಬೇಕಾಗುತ್ತದೆ.

ಈ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ವಿಶೇಷ ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್. ಅವರು ಔಷಧಿ ಬರೆದುಕೊಡುವುದಿಲ್ಲ. ಔಷಧಿ ಕೊಡುವವರು ನರರೋಗ ತಜ್ಞರು ಅಥವಾ ಮನೋವೈದ್ಯರು. ಸೈಕಾಲಜಿಸ್ಟ್ ಹತ್ತಿರ ಕಳಿಸಿದರು ಅಂದರೆ ‘ಹುಚ್ಚು’ ಎಂದು ಅರ್ಥ ಅಲ್ಲ. ಅಪಘಾತ, ಸ್ಟ್ರೋಕ್, ಮೂರ್ಛೆರೋಗ ಇರುವವರನ್ನೂ, ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳನ್ನೂ ಇದಕ್ಕೆ ಕಳಿಸುತ್ತಾರೆ.

ನೆನಪು ಒಂದೇ ಡಬ್ಬಿಯಲ್ಲಿಲ್ಲ

1861ರಲ್ಲಿ ಫ್ರಾನ್ಸಿನ ವೈದ್ಯ ಪೌಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದರು. ಆತನಿಗೆ ಬೇರೆಯವರು ಹೇಳಿದ್ದು ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು ‘ಟ್ಯಾನ್’ ಎಂಬ ಒಂದೇ ಶಬ್ದ. ಆತ ತೀರಿಕೊಂಡ ಮೇಲೆ ನೋಡಿದರೆ ಮೆದುಳಿನ ಎಡಭಾಗದ ಮುಂದುಗಡೆ ಹಾಳಾಗಿತ್ತು. ಮಾತಿಗೆ ಮೆದುಳಿನಲ್ಲಿ ಬೇರೆಯೇ ಜಾಗ ಉಂಟು ಎಂಬುದಕ್ಕೆ ಇದು ದೊಡ್ಡ ಸಾಕ್ಷಿಯಾಯಿತು.

ನೆನಪಿನ ಬಗ್ಗೆ ಜಗತ್ತಿಗೆ ಪಾಠ ಕಲಿಸಿದವರು ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆರೋಗಕ್ಕಾಗಿ 1953ರಲ್ಲಿ ಅವರಿಗೆ ಮೆದುಳಿನ ಆಪರೇಷನ್ ಆಯಿತು. ಆ ನಂತರ ಹೊಸ ವಿಷಯ ಯಾವುದೂ ನೆನಪಿನಲ್ಲಿ ಉಳಿಯಲೇ ಇಲ್ಲ. ಆದರೆ ನ್ಯೂರೋಸೈಕಾಲಜಿಸ್ಟ್ ಬ್ರೆಂಡಾ ಮಿಲ್ನರ್ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹಿಂದಿನ ದಿನ ಬಿಡಿಸಿದ್ದೇ ಅವರಿಗೆ ನೆನಪಿರಲಿಲ್ಲ. ಅಂದರೆ ಘಟನೆಯ ನೆನಪು ಬೇರೆ, ಕೈಯ ಅಭ್ಯಾಸದ ನೆನಪು ಬೇರೆ.

ನಮ್ಮ ಊರಿನಲ್ಲೂ ಇದನ್ನು ನೋಡಬಹುದು. ಬೆಳಿಗ್ಗೆ ತಿಂಡಿ ತಿಂದದ್ದು ಮರೆತ ಅಜ್ಜಿ ಮಲ್ಲಿಗೆ ಚೆಂಡು ಸರಾಗ ಕಟ್ಟುತ್ತಾರೆ. ವರ್ಷಗಟ್ಟಲೆ ಬೀಡಿ ಕಟ್ಟಿದವರ ಬೆರಳು ಎಲೆ ಕಂಡರೆ ತಾನಾಗಿ ಓಡುತ್ತದೆ. ಇದು ನಾಟಕ ಅಲ್ಲ. ‘ಅದೆಲ್ಲ ನೆನಪಿರ್ತದೆ, ಇದು ಮಾತ್ರ ಮರೀತದಾ?’ ಎಂದು ಗದರಿಸುವ ಮೊದಲು ಇದನ್ನು ತಿಳಿದುಕೊಳ್ಳಬೇಕು.

ಮಾಮೂಲಿ ಮರೆವು ಯಾವುದು? ಯಾವುದು ಅಲ್ಲ?

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಯದವರ ಹೆಸರು ತಕ್ಷಣ ಬಾರದೆ ಸ್ವಲ್ಪ ಹೊತ್ತಿನ ಮೇಲೆ ನೆನಪಾಗುವುದು ವಯಸ್ಸಾದಂತೆ ಎಲ್ಲರಿಗೂ ಆಗುವಂಥದ್ದು. ಕೆಳಗಿನವು ಹಾಗಲ್ಲ. ಆರು ತಿಂಗಳು, ವರ್ಷದಲ್ಲಿ ಹೆಚ್ಚುತ್ತಾ ಹೋದರೆ ಡಾಕ್ಟರಿಗೆ ತೋರಿಸಬೇಕು:

- ಅರ್ಧ ಗಂಟೆಯಲ್ಲಿ ಒಂದೇ ಪ್ರಶ್ನೆಯನ್ನು ಮೂರ್ನಾಲ್ಕು ಸಲ ಕೇಳುವುದು
- ದಿನಾ ಹೋಗುವ ದಾರಿ ತಪ್ಪುವುದು, ಸ್ಟೇಟ್‌ಬ್ಯಾಂಕ್‌ನಲ್ಲಿ ಇಳಿದು ಯಾವ ಬಸ್ ಹತ್ತಬೇಕು ಎಂದು ಗೊತ್ತಾಗದೆ ನಿಲ್ಲುವುದು
- ಮೊದಲು ಸಲೀಸಾಗಿ ಮಾಡುತ್ತಿದ್ದ ಲೆಕ್ಕ, ಬಿಲ್, ಅಡುಗೆಯ ಕ್ರಮ ತಪ್ಪುವುದು
- ಗ್ಯಾಸ್ ಉರಿಸಿ ಮರೆಯುವುದು, ಕೊಟ್ಟ ಸಾಲ, ಪಡೆದ ಹಣ ಮರೆತು ಜಗಳವಾಗುವುದು
- ಮಾತಾಡುವಾಗ ಸಾಮಾನ್ಯ ವಸ್ತುಗಳ ಹೆಸರು ಸಿಗದೆ ‘ಅದು... ಅದು...’ ಅನ್ನುವುದು
- ಸ್ವಭಾವ ಪೂರ್ತಿ ಬದಲಾಗುವುದು: ಲೆಕ್ಕಾಚಾರದ ಮನುಷ್ಯ ಸಿಕ್ಕಿದವರಿಗೆಲ್ಲ ಹಣ ಕೊಡುವುದು, ಶಾಂತ ಇದ್ದವರು ಸಿಡುಕುವುದು, ಮನೆಯವರೇ ಕದ್ದರು ಎಂದು ಸಂಶಯ ಪಡುವುದು

ಅಂಗಡಿಯವರಿಗೆ ಒಂದು ಮಾತು. ಇಂಥ ಬದಲಾವಣೆ ಮನೆಯವರಿಗಿಂತ ಮೊದಲು ಕಣ್ಣಿಗೆ ಬೀಳುವುದು ಹಲವು ಸಲ ನಿಮಗೇ. ಒಂದೇ ದಿನ ಎರಡು ಸಲ ಸಕ್ಕರೆ ಕೊಂಡುಹೋದ ಹಳೇ ಗಿರಾಕಿಯ ವಿಷಯವನ್ನು ತಮಾಷೆ ಮಾಡಬೇಡಿ. ಮಗನೋ ಮಗಳೋ ಸಿಕ್ಕಿದಾಗ ಮೆಲ್ಲ ಹೇಳಿ.

ಎಲ್ಲ ಮರೆವೂ ಡೆಮೆನ್ಶಿಯಾ ಅಲ್ಲ

ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡೆಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಸಂಖ್ಯೆ ದೊಡ್ಡದೇ. ಆದರೂ ಹಿರಿಯರಲ್ಲಿ ಹೆಚ್ಚಿನವರಿಗೆ ಅದು ಇಲ್ಲ ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ‘ವಯಸ್ಸಾದರೆ ಅರಳು ಮರಳು’ ಎಂಬುದು ನಿಯಮ ಅಲ್ಲ.

ಮರೆವು, ಗೊಂದಲ ತರುವ ಬೇರೆ ಕಾರಣಗಳು ಇವು: ಥೈರಾಯ್ಡ್ ಕಡಿಮೆಯಾಗುವುದು, ಬಿ12 ಕೊರತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಸಕ್ಕರೆ ತೀರಾ ಇಳಿಯುವುದು, ಖಿನ್ನತೆ, ನಿದ್ದೆ ಮಾತ್ರೆ ಮತ್ತು ಕೆಲವು ಅಲರ್ಜಿ ಮಾತ್ರೆಗಳು, ಕುಡಿತ, ಕಿವಿ ಕೇಳದಿರುವುದು. ಬಾತ್‌ರೂಮಿನಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟು ಬಿದ್ದ ಹಿರಿಯರಿಗೆ ಕೆಲವು ವಾರದ ನಂತರ ಮೆದುಳಿನ ಮೇಲೆ ರಕ್ತ ಸೇರಿ ಗೊಂದಲ ಶುರುವಾಗುವುದೂ ಉಂಟು. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ಮೊದಲು ರಕ್ತಪರೀಕ್ಷೆ, ತೆಗೆದುಕೊಳ್ಳುವ ಮಾತ್ರೆಗಳ ಪರಿಶೀಲನೆ, ಬೇಕಿದ್ದರೆ ಸ್ಕ್ಯಾನ್, ಅದರ ಜೊತೆಗೆ ನ್ಯೂರೋಸೈಕಾಲಜಿ ಪರೀಕ್ಷೆ.

ಗಮನಿಸಿ: ನಿನ್ನೆವರೆಗೆ ಸರಿ ಇದ್ದವರು ಒಂದೆರಡು ದಿನದಲ್ಲಿ ಏಕಾಏಕಿ ಗೊಂದಲಕ್ಕೆ ಬಿದ್ದರೆ ಅದು ಸೋಂಕು ಅಥವಾ ಬೇರೆ ತುರ್ತು ತೊಂದರೆ ಇರಬಹುದು. ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪರೀಕ್ಷೆಯಲ್ಲಿ ಎಂಥ ಮಾಡಿಸುತ್ತಾರೆ?

ಸೂಜಿ ಇಲ್ಲ, ಮಿಷಿನ್ ಇಲ್ಲ. ಮೇಜಿನ ಎದುರು ಕೂರಿಸಿ ಮಾತಾಡಿಸುತ್ತಾರೆ, ಕಾಗದ ಪೆನ್ಸಿಲ್ ಕೊಡುತ್ತಾರೆ. ಹತ್ತು ಹದಿನೈದು ಶಬ್ದ ಓದಿ ಹೇಳಿ, ಈಗ ಎಷ್ಟು ನೆನಪಿದೆ, ಅರ್ಧ ಗಂಟೆಯ ಮೇಲೆ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂದು ಕೇಳುತ್ತಾರೆ. ಚದುರಿದ ಅಂಕೆಗಳನ್ನು ಕ್ರಮವಾಗಿ ಗೆರೆ ಎಳೆದು ಸೇರಿಸುವುದು, ಚಿತ್ರ ನೋಡಿ ಬಿಡಿಸುವುದು, ಗಡಿಯಾರ ಬರೆದು ಮುಳ್ಳು ಇಡುವುದು ಹೀಗೆ ಒಂದೊಂದು ಕೆಲಸ ಒಂದೊಂದು ಶಕ್ತಿಯನ್ನು ಅಳೆಯುತ್ತದೆ. ಸಣ್ಣ ಪರೀಕ್ಷೆ ಹತ್ತಿಪ್ಪತ್ತು ನಿಮಿಷ. ಪೂರ್ಣ ಪರೀಕ್ಷೆಗೆ ಒಂದರಿಂದ ಮೂರು ಗಂಟೆ ಬೇಕಾಗಬಹುದು, ಕೆಲವೊಮ್ಮೆ ಎರಡು ದಿನಕ್ಕೆ ಹಂಚುತ್ತಾರೆ.

ಇದರಲ್ಲಿ ಪಾಸು ಫೇಲು ಇಲ್ಲ. ನಿಮ್ಮ ವಯಸ್ಸಿನ, ನಿಮ್ಮಷ್ಟೇ ಓದಿದ ಆರೋಗ್ಯವಂತರ ಜೊತೆ ಹೋಲಿಸಿ ನೋಡುತ್ತಾರೆ. ಇದು ದೊಡ್ಡ ವಿಷಯ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮನನ್ನು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಜೊತೆ ಹೋಲಿಸಿದರೆ ಇಲ್ಲದ ಕಾಯಿಲೆ ಕಂಡೀತು. ಹೊರದೇಶದ ಪರೀಕ್ಷೆಯನ್ನು ಹಾಗೇ ತಂದರೆ ಇದೇ ತೊಂದರೆ. ಅದಕ್ಕೇ ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ನಮ್ಮ ಜನರ ವಯಸ್ಸು, ಲಿಂಗ, ವಿದ್ಯಾಭ್ಯಾಸಕ್ಕೆ ತಕ್ಕ ಮಾನದಂಡ ಇರುವ ‘ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ’ ಪ್ರಕಟಿಸಿತು. ಡಾ. ಶೋಭಿನಿ ರಾವ್ ಮತ್ತು ಸಹೋದ್ಯೋಗಿಗಳು ಇದನ್ನು ರೂಪಿಸಿದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಗುಚ್ಛ ಸಿದ್ಧಪಡಿಸಿದೆ.

ನಮ್ಮೂರಿನ ಪ್ರಶ್ನೆ: ಯಾವ ಭಾಷೆಯಲ್ಲಿ?

ಮಂಗಳೂರಿನಲ್ಲಿ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ವ್ಯಾಪಾರಕ್ಕೆ ಮಲಯಾಳ, ಹಿಂದಿ ಬಳಸುವವರು ತುಂಬ ಮಂದಿ. ಕನ್ನಡದಲ್ಲಿ ಪ್ರಾಣಿಗಳ ಹೆಸರು ಹೇಳಲು ತಡವರಿಸುವ ಹಿರಿಯರು ‘ಪೆತ್ತ, ಪುಚ್ಚೆ, ಪಿಲಿ, ಪಂಜಿ’ ಎಂದು ತುಳುವಿನಲ್ಲಿ ಪಟಪಟ ಹೇಳಿಯಾರು. ಅದಕ್ಕಾಗಿ ಪರೀಕ್ಷೆಗೆ ಕೂರುವ ಮೊದಲೇ ಹೇಳಿ: ಮನೆಭಾಷೆ ಯಾವುದು, ಎಷ್ಟನೇ ಕ್ಲಾಸ್ ಓದಿದ್ದು, ಓದಲು ಬರೆಯಲು ಯಾವ ಲಿಪಿ ಬರುತ್ತದೆ. ಆ ಭಾಷೆ ಬಲ್ಲವರು ಪರೀಕ್ಷೆ ಮಾಡಬಹುದೇ ಎಂದು ಕೇಳಿ. ಹೀಗೆ ಕೇಳುವುದರಲ್ಲಿ ಮುಜುಗರ ಬೇಡ.

ನಾಲ್ಕೈದು ಭಾಷೆ ಆಡುವುದರಿಂದ ಲಾಭವೂ ಇರಬಹುದು. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡ 648 ಡೆಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ವರದಿ ಪ್ರಕಟಿಸಿತು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆಯ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಕಂಡಿತು. ಡಾ. ಅಲ್ಲಾಡಿ ನಂತರ ನಿಮ್ಹಾನ್ಸ್‌ಗೆ ಬಂದರು. ಬೇರೆ ಕಡೆಯ ಎಲ್ಲ ಅಧ್ಯಯನಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ, ಹಾಗಾಗಿ ಇದನ್ನು ಗ್ಯಾರಂಟಿ ಎಂದು ತಿಳಿಯಬಾರದು. ಆದರೆ ಮೊಮ್ಮಕ್ಕಳ ಜೊತೆ ಮನೆಭಾಷೆ ಬಿಡದೆ ಮಾತಾಡುವುದರಿಂದ ನಷ್ಟವಂತೂ ಇಲ್ಲ.

ಸ್ಟ್ರೋಕ್, ಬೈಕ್ ಅಪಘಾತದ ನಂತರ

ಮುಖ ಒಂದು ಕಡೆ ವಾಲುವುದು, ಕೈ ಸೋಲುವುದು, ಮಾತು ತೊದಲುವುದು ಸ್ಟ್ರೋಕಿನ ಲಕ್ಷಣ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಕೂಡಲೇ 108ಕ್ಕೆ ಫೋನ್ ಮಾಡಿ. ಕೈಕಾಲು ಸರಿಯಾದ ಮೇಲೂ ಕೆಲವರಿಗೆ ಮಾತು, ಓದು, ಲೆಕ್ಕ ವಾಪಸ್ ಬಂದಿರುವುದಿಲ್ಲ. ಅವರಿಗೆ ಬುದ್ಧಿ ಹೋಗಿದೆ ಎಂದಲ್ಲ, ಭಾಷೆಯ ಭಾಗಕ್ಕೆ ಪೆಟ್ಟಾಗಿದೆ. ಇದಕ್ಕೆ ಸ್ಪೀಚ್ ಥೆರಪಿ ಉಂಟು. ಈ ವಿಷಯದಲ್ಲಿ ಮಂಗಳೂರಿಗೆ ಅನುಕೂಲ ಹೆಚ್ಚು: ಕೆಎಂಸಿ, ಫಾದರ್ ಮುಲ್ಲರ್ ಸೇರಿ ವಾಕ್ ಶ್ರವಣ ಕೋರ್ಸ್ ನಡೆಸುವ ಕಾಲೇಜುಗಳು ನಗರದಲ್ಲೇ ಇವೆ. ಕಿವಿ ಪರೀಕ್ಷೆಯನ್ನೂ ಇಂಥಲ್ಲೇ ಮಾಡಿಸಬಹುದು.

ಬೈಕಿನಿಂದ ಬಿದ್ದ ಹುಡುಗನ ಸ್ಕ್ಯಾನ್ ನಾರ್ಮಲ್ ಇರುತ್ತದೆ, ಗಾಯ ಒಣಗಿರುತ್ತದೆ. ಆದರೆ ಓದಲು ಕೂತರೆ ಗಮನ ನಿಲ್ಲುವುದಿಲ್ಲ, ಸಣ್ಣದಕ್ಕೆ ಸಿಟ್ಟು, ಬೇಗ ಸುಸ್ತು. ಮನೆಯವರು ‘ಉದಾಸೀನ’ ಅನ್ನುತ್ತಾರೆ. ತಲೆಪೆಟ್ಟಿನ ಪರಿಣಾಮ ಹೀಗೂ ಇರುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ ಪರೀಕ್ಷೆ ಮಾಡಿಸಿ, ಕಾಲೇಜಿಗೆ, ಕೆಲಸಕ್ಕೆ ಯಾವಾಗ ಹೇಗೆ ಮರಳಬೇಕು ಎಂದು ಕೇಳಿಕೊಳ್ಳಬೇಕು. ಹೆಲ್ಮೆಟ್ ಹಾಕಿ ಎಂದು ಹೇಳುವುದು ಫೈನ್ ತಪ್ಪಿಸಲು ಮಾತ್ರ ಅಲ್ಲ.

ವರದಿ ಬಂದ ಮೇಲೆ ಮನೆಯಲ್ಲಿ, ಅಂಗಡಿಯಲ್ಲಿ

ವರದಿಯಲ್ಲಿ ಯಾವ ಶಕ್ತಿ ಕುಂದಿದೆ ಎನ್ನುವಷ್ಟೇ ಯಾವುದು ಉಳಿದಿದೆ ಎಂಬುದೂ ಇರುತ್ತದೆ. ಉಳಿದದ್ದನ್ನು ಬಳಸಿ ದಿನ ನಡೆಸುವುದೇ ಪುನಶ್ಚೇತನ. ಲೆಕ್ಕ ತಪ್ಪುವ ಅಪ್ಪನನ್ನು ಅಂಗಡಿಯಿಂದ ಮನೆಗೆ ಕಳಿಸಬೇಕೆಂದಿಲ್ಲ. ಗಲ್ಲಾ ಮಗ ನೋಡಲಿ, ಗಿರಾಕಿ ಮಾತಾಡಿಸುವುದು, ತೂಕ ಮಾಡುವುದು, ಪ್ಯಾಕ್ ಮಾಡುವುದು ಅಪ್ಪ ಮಾಡಲಿ. ಮಾಲು ಹೇಳಲು ಒಂದೇ ನೋಟುಬುಕ್ ಇರಲಿ, ಹೇಳಿದ್ದಕ್ಕೆ ಗೆರೆ ಎಳೆಯಲಿ. ಕೀ, ಕನ್ನಡಕ, ಮೊಬೈಲಿಗೆ ಒಂದೇ ಜಾಗ. ಮಾತ್ರೆಗೆ ವಾರದ ಡಬ್ಬಿ. ಗೋಡೆಯಲ್ಲಿ ದೊಡ್ಡ ಅಕ್ಷರದ ಕ್ಯಾಲೆಂಡರ್. ಒಂದು ಸಲಕ್ಕೆ ಒಂದೇ ಕೆಲಸ. ‘ಆಗಲೇ ಹೇಳಿದೆನಲ್ಲ’ ಎಂಬ ಮಾತು ಬಿಟ್ಟುಬಿಡಿ, ಅದರಿಂದ ನೆನಪು ಬರುವುದಿಲ್ಲ, ಬೇಸರ ಮಾತ್ರ ಬರುತ್ತದೆ.

ನೋಡಿಕೊಳ್ಳುವವರ ಮೇಲೂ ಭಾರ ಉಂಟು. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ ಅಥವಾ ಸೊಸೆ. ಅವರಿಗೆ ವಾರಕ್ಕೆ ಒಂದು ದಿನವಾದರೂ ಬಿಡುವು ಸಿಗುವಂತೆ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಸರದಿ ಹಾಕಿಕೊಳ್ಳಬೇಕು. ಗಲ್ಫಿನಲ್ಲಿರುವವರು ಹಣ ಕಳಿಸಿದರೆ ಸಾಲದು, ವಿಡಿಯೋ ಕಾಲ್ ಮಾಡಿ ಅಪ್ಪನನ್ನು ಒಂದು ಗಂಟೆ ಮಾತಾಡಿಸಬಹುದು.

ಸಹಿ, ಬ್ಯಾಂಕ್, ವಿಲ್

ಬೇಗ ಗೊತ್ತಾದರೆ ಆಗುವ ದೊಡ್ಡ ಲಾಭ ಇದು: ತಮ್ಮ ಆಸ್ತಿ, ಅಂಗಡಿ ಯಾರಿಗೆ, ಹೇಗೆ ಎಂದು ಅವರೇ ತೀರ್ಮಾನಿಸಬಹುದು. ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ವಿಲ್ ಬರೆಯುವವರು ಸ್ವಸ್ಥಚಿತ್ತರಾಗಿರಬೇಕು. ಒಪ್ಪಂದ ಕಾಯ್ದೆಯ 12ನೇ ಸೆಕ್ಷನ್ ಕೂಡ ನೋಡುವುದು ಒಪ್ಪಂದ ಮಾಡುವ ಹೊತ್ತಿನಲ್ಲಿ ಅದು ಅರ್ಥವಾಗುತ್ತಿತ್ತೇ ಎಂಬುದನ್ನು. ಕಾಯಿಲೆಯ ಹೆಸರು ಬಂದ ಮಾತ್ರಕ್ಕೆ ಸಹಿ ಅಮಾನ್ಯ ಆಗುವುದಿಲ್ಲ. ಆದರೆ ತಡಮಾಡಿದಷ್ಟು ಜಗಳಕ್ಕೆ ದಾರಿ. ಆರಂಭದ ಹಂತದಲ್ಲೇ ವಕೀಲರನ್ನು ನೋಡಿ. ಯುಪಿಐ ಮಿತಿ ಕಡಿಮೆ ಮಾಡಿ, ಖಾತೆ ಜಂಟಿ ಮಾಡುವ ಬಗ್ಗೆ ಬ್ಯಾಂಕಿನಲ್ಲಿ ಕೇಳಿ. ಒಟಿಪಿ ವಂಚನೆಗೆ ಇಂಥವರು ಸುಲಭವಾಗಿ ಸಿಕ್ಕಿಬೀಳುತ್ತಾರೆ. ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ತಡೆಯಲು ಆಗುತ್ತದೆಯೇ?

ಪೂರ್ತಿ ಅಲ್ಲ. ಆದರೆ 2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಡೆಮೆನ್ಶಿಯಾದಲ್ಲಿ ಶೇ. 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂಬ ಅಂದಾಜಿದೆ. ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೊಜ್ಜು, ಧೂಮಪಾನ, ಅತಿ ಕುಡಿತ, ವ್ಯಾಯಾಮ ಇಲ್ಲದಿರುವುದು, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ತಲೆಪೆಟ್ಟು, ಖಿನ್ನತೆ, ಒಂಟಿತನ, ವಾಯುಮಾಲಿನ್ಯ, ಕಡಿಮೆ ಶಿಕ್ಷಣ ಆ ಪಟ್ಟಿಯಲ್ಲಿವೆ. ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಸ್ಟೂಲಿನಲ್ಲಿ ಕೂರುವ ಅಂಗಡಿಯವರು ಮುಕ್ಕಾಲು ಗಂಟೆ ನಡೆಯಲು ಸಮಯ ಮಾಡಿಕೊಳ್ಳಲೇಬೇಕು. ಬಿಪಿ ಮಾತ್ರೆ ‘ಈಗ ಸರಿ ಉಂಟು’ ಎಂದು ತಾವಾಗಿ ನಿಲ್ಲಿಸಬಾರದು.

ಹಾಗೆಯೇ ‘ನೆನಪಿನ ಶಕ್ತಿ’ ಹೆಸರಿನಲ್ಲಿ ಮಾರುವ ಎಲ್ಲವನ್ನೂ ನಂಬಬೇಡಿ. ಮೆದುಳಿನ ಆಟದ ಆ್ಯಪ್ ‘ಲುಮಾಸಿಟಿ’ ಪುರಾವೆ ಇಲ್ಲದ ಜಾಹೀರಾತು ನೀಡಿದ ಪ್ರಕರಣದಲ್ಲಿ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್ ಆಕ್ಟಿವೇಶನ್’ ಕ್ಲಾಸುಗಳಿಗೆ ವೈಜ್ಞಾನಿಕ ಆಧಾರ ಇಲ್ಲ ಎಂದು ಮಂಗಳೂರಿನವರೇ ಆದ ವಿಚಾರವಾದಿ ನರೇಂದ್ರ ನಾಯಕ್ ಹಿಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. ಆ ಹಣದಲ್ಲಿ ಅಜ್ಜನ ಕಿವಿಗೆ ಮಿಷಿನ್ ಬಂದೀತು.

ಎಲ್ಲಿಂದ ಶುರು ಮಾಡುವುದು?

ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ್ ಅಥವಾ ಹತ್ತಿರದ ಸರಕಾರಿ ಆಸ್ಪತ್ರೆ. ರಾಜ್ಯ ಸರಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ‘ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ’ ಶುರು ಮಾಡಿದವು. ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮೊದಲು ಆರಂಭವಾಗಿ ಆ ಮೇಲೆ ಬೇರೆ ಜಿಲ್ಲೆಗಳಿಗೆ ಬಂತು. ತಲೆನೋವು, ಮೂರ್ಛೆ, ಸ್ಟ್ರೋಕ್, ಡೆಮೆನ್ಶಿಯಾ ಇದರ ವ್ಯಾಪ್ತಿಯಲ್ಲಿವೆ. ನಮ್ಮ ಜಿಲ್ಲಾ ಆಸ್ಪತ್ರೆ ವೆನ್ಲಾಕ್. ಅಲ್ಲಿ ಒಪಿಡಿ ಚೀಟಿ ಮಾಡಿಸುವಾಗ ‘ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ?’ ಎಂದು ಕೇಳಿ. ತಾಲೂಕು ಆಸ್ಪತ್ರೆಗಳಿಗೆ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಹೋಗುವ ಮೊದಲು ವಿಚಾರಿಸಿಕೊಳ್ಳಿ. ನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ಖಾಸಗಿಯಾಗಿ ಪರೀಕ್ಷೆ ಮಾಡಿಸುವುದಾದರೆ ಆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಇದೆಯೇ, ಶುಲ್ಕ ಎಷ್ಟು ಎಂದು ಮೊದಲೇ ಕೇಳಿ. ಫೋನಿನಲ್ಲಿ ಮಾತಾಡಬೇಕಿದ್ದರೆ ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ. ನೋಡಿಕೊಂಡು ಸೋತವರೂ ಕರೆ ಮಾಡಬಹುದು.

ಹೋಗುವಾಗ ಇವಿಷ್ಟು ಕೊಂಡುಹೋಗಿ: ಕನ್ನಡಕ, ಕಿವಿಯ ಮಿಷಿನ್, ಹಳೇ ರಿಪೋರ್ಟುಗಳು, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ. ಯಾವಾಗಿಂದ, ಏನೇನು ಬದಲಾಯಿತು ಎಂದು ಒಂದು ಹಾಳೆಯಲ್ಲಿ ದಿನಾಂಕ ಸಮೇತ ಬರೆದುಕೊಳ್ಳಿ. ರಾತ್ರಿ ನಿದ್ದೆ ಆಗಿರಲಿ, ಬೆಳಿಗ್ಗೆ ತಿಂಡಿ ತಿಂದಿರಲಿ. ಜೊತೆಗೆ ಹೋಗುವವರು ಅವರೊಟ್ಟಿಗೆ ದಿನವಿಡೀ ಇರುವವರೇ ಆಗಿರಲಿ. ವೈದ್ಯರು ಪ್ರಶ್ನೆ ಕೇಳಿದಾಗ ನೀವು ಉತ್ತರ ಹೇಳಿಕೊಡಬೇಡಿ, ಅವರೇ ಹೇಳಲಿ. ನಿಮ್ಮನ್ನು ಪ್ರತ್ಯೇಕವಾಗಿ ಕೇಳಿಯೇ ಕೇಳುತ್ತಾರೆ.